ಒಂದೇ ಚೆಕ್‌ಡ್ಯಾಂ, ಎರಡು ಬೋರ್ಡು: ಬರ ತಡೆಯೋ ದುಡ್ಡಿನ ಲೆಕ್ಕ ಹಿಡಿಯೋದು ಹೇಗೆ?

ಶೇಂಗಾಹೊಲ, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಆರು ಜನರ ಸಣ್ಣ ಯುವಕ ಸಂಘ. ರಕ್ತದಾನ ಶಿಬಿರ, ಶಾಲೆಗೆ ಸುಣ್ಣ ಬಳಿಯೋದು, ಇಲ್ಲಿತನಕ ಇಷ್ಟೇ ಮಾಡಿದ್ದು. ಈ ವರ್ಷ ಬೇರೆ ಒಂದು ಕೆಲಸಕ್ಕೆ ಕೈ ಹಾಕಬೇಕು ಅಂತ ಕೂತು ಮಾತಾಡಿದ್ವಿ.

ನಮ್ಮೂರ ಹಳ್ಳಕ್ಕೆ ಒಂದು ಚೆಕ್‌ಡ್ಯಾಂ ಇದೆ. ಅದರ ಒಂದು ಮಗ್ಗುಲಿಗೆ ಹಳದಿ ಬೋರ್ಡು, ಇನ್ನೊಂದು ಮಗ್ಗುಲಿಗೆ ನೀಲಿ ಬೋರ್ಡು. ಯೋಜನೆಯ ಹೆಸರು ಬೇರೆ, ವರ್ಷ ಬೇರೆ, ಮೊತ್ತ ಬೇರೆ. ಕಟ್ಟೆ ಮಾತ್ರ ಒಂದೇ. ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದ್ರೆ "ನಿಮಗ್ಯಾಕೆ ಬೇಕು" ಅಂದ್ರು.

2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಅದರಲ್ಲಿ ನಮ್ಮದೂ ಒಂದು. ಆ ವರ್ಷ ಶೇಂಗಾ ಬಿತ್ತಿದ ಬೀಜವೂ ವಾಪಸ್ ಬರಲಿಲ್ಲ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳೋಕೆ ಕೋಟಿಗಟ್ಟಲೆ ಹಣ ಬರುತ್ತೆ ಅಂತ ಪೇಪರಲ್ಲಿ ಓದ್ತೀವಿ. ಹಂಗೆ ಅಂತ ಒಂದು ನಿಧಿ ನಿಜವಾಗ್ಲೂ ಇದೆಯಾ? ಇದ್ರೆ ನಮ್ಮ ಹೋಬಳಿಗೆ ಎಷ್ಟು ಬಂತು? ನಮ್ಮಂಥ ಸಣ್ಣ ಸಂಘ ಅದನ್ನ ಹಿಂಬಾಲಿಸೋದು ಎಲ್ಲಿಂದ ಶುರು ಮಾಡಬೇಕು? ಗೊತ್ತಿರೋರು ದಯವಿಟ್ಟು ಹೇಳಿ.

ಖಾತೆಕಿರ್ದಿ

ಒಳ್ಳೇ ಪ್ರಶ್ನೆ. ಲೆಕ್ಕಪತ್ರ ಶಾಖೆಯಲ್ಲಿ ವರ್ಷಗಟ್ಟಲೆ ಕೂತು ನಿವೃತ್ತನಾದವನು ನಾನು, ಗೊತ್ತಿದ್ದಷ್ಟು ಹೇಳ್ತೀನಿ.

ಆ ಹೆಸರಿನ ನಿಧಿ ಇತ್ತು. ರಾಷ್ಟ್ರೀಯ ಹವಾಮಾನ ಬದಲಾವಣೆ ಹೊಂದಾಣಿಕೆ ನಿಧಿ ಅಂತ ಕೇಂದ್ರ ಸರ್ಕಾರ 2015ರಲ್ಲಿ ಶುರು ಮಾಡಿತು. ಜಾರಿ ಸಂಸ್ಥೆ ನಬಾರ್ಡ್. ದೇಶದಾದ್ಯಂತ ಮಂಜೂರಾದದ್ದು 30 ಯೋಜನೆ ಮಾತ್ರ, ಎಲ್ಲಾ ಸೇರಿ ಸುಮಾರು 847 ಕೋಟಿ. ಕರ್ನಾಟಕದ ಪಾಲಿಗೆ ಬಂದದ್ದು ದೇಸಿ ದನ ಮತ್ತು ಕುರಿ ತಳಿಗಳನ್ನ ಹವಾಮಾನ ಬದಲಾವಣೆಯ ಹಿನ್ನೆಲೆಯಲ್ಲಿ ಉಳಿಸೋ ಯೋಜನೆ. ನವೆಂಬರ್ 2022ರಲ್ಲಿ ಆ ನಿಧಿಯನ್ನ ಯೋಜನೆಗಳ ಪಟ್ಟಿಯಿಂದಲೇ ತೆಗೆದರು.

ಹಂಗಾಗಿ ನಿಮ್ಮ ಹೋಬಳಿಯಲ್ಲಿ ಆ ಹೆಸರು ಹುಡುಕಿದ್ರೆ ಏನೂ ಸಿಗಲ್ಲ. ದುಡ್ಡು ಬರೋದು ಬೇರೆ ಬೇರೆ ಹೆಸರಲ್ಲಿ: ಜಲಾನಯನ, ಕೃಷಿ ಭಾಗ್ಯದ ಹೊಂಡ, ಉದ್ಯೋಗ ಖಾತ್ರಿಯ ಬದು, ಸಣ್ಣ ನೀರಾವರಿಯ ಚೆಕ್‌ಡ್ಯಾಂ, ವಿಪತ್ತು ನಿಧಿ. ಕಾಗದದ ಮೇಲೆ ನೋಡಬೇಕಾದ್ದು ಯೋಜನೆಯ ಹೆಸರನ್ನಲ್ಲ, ಲೆಕ್ಕ ಶೀರ್ಷಿಕೆಯನ್ನ, ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಆ ಖರ್ಚನ್ನ ಬರೆಯೋ ತಲೆಬರಹವನ್ನ. ಬಿಲ್ ಯಾವ ಶೀರ್ಷಿಕೆಯಲ್ಲಿ ಖಜಾನೆಗೆ ಹೋಯ್ತು ಅನ್ನೋದು ಗೊತ್ತಾದ್ರೆ ಹಳದಿ ಬೋರ್ಡು, ನೀಲಿ ಬೋರ್ಡು ಎರಡೂ ಬಿಚ್ಚಿಕೊಳ್ಳುತ್ತೆ.

ಮಲೆನಾಡಿಗ

ಹಂಗಾದ್ರೆ ಊರಲ್ಲಿರೋ ಎಲ್ಲಾ ಚೆಕ್‌ಡ್ಯಾಮೂ ಹವಾಮಾನ ಹೊಂದಾಣಿಕೆಯೇ? ನಮ್ಮಜ್ಜನ ಕಾಲದಲ್ಲೂ ಕಟ್ಟೆ ಕಟ್ಟುತ್ತಿದ್ದರು. ಹೆಸರು ಹೊಸದು, ಕೆಲಸ ಹಳೇದು.

ನಕಾಶೆ, ಬೆಂಗಳೂರು

@ಮಲೆನಾಡಿಗ, ನೀವು ಕೇಳಿದ್ದೇ ಇಡೀ ವಿಷಯದ ಗಂಟು. ಯಾವುದನ್ನ ಹೊಂದಾಣಿಕೆ ಅಂತ ಎಣಿಸಬೇಕು ಅನ್ನೋದು ತೀರ್ಮಾನ ಆಗದೆ ಎಷ್ಟು ಬಂತು ಅಂತ ಎಣಿಸೋಕೆ ಆಗಲ್ಲ. ನೇಪಾಳ 2012ರ ಸುಮಾರಿನಿಂದ ಬಜೆಟ್‌ನ ಸಾಲು ಸಾಲಿಗೂ ಹವಾಮಾನದ ಗುರುತು ಹಾಕೋಕೆ ಶುರು ಮಾಡಿತು. ಒಡಿಶಾ 2020-21ರಿಂದ ಹವಾಮಾನ ಬಜೆಟ್ ಅಂತ ಪ್ರತ್ಯೇಕ ಪುಸ್ತಕ ತರ್ತಿದೆ. ಮುಂಬೈ ಮಹಾನಗರ ಪಾಲಿಕೆ 2024ರಲ್ಲಿ ಅದೇ ಕೆಲಸ ಮಾಡಿತು. ನಮ್ಮ ರಾಜ್ಯ 2007ರಿಂದಲೇ ಮಹಿಳಾ ಉದ್ದೇಶಿತ ಆಯವ್ಯಯ ತರ್ತಿದೆ, ಮಕ್ಕಳ ಆಯವ್ಯಯವೂ ಇದೆ. ಅದೇ ಮಾದರಿಯಲ್ಲಿ ಹವಾಮಾನದ್ದೂ ಬರಲಿ, ಜಿಲ್ಲಾವಾರು ಬರಲಿ ಅನ್ನೋದು ಸಂಘಟನೆಗಳ ಮೊದಲ ಬೇಡಿಕೆ ಆಗಬೇಕು. ಒಂದೊಂದು ಚೆಕ್‌ಡ್ಯಾಂ ಹಿಂದೆ ಓಡಿ ಪ್ರಯೋಜನ ಇಲ್ಲ.

ಗುದ್ದಲಿಸನಿಕೆ, ಕೂಡ್ಲಿಗಿ

ಪ್ರಯೋಜನ ಇಲ್ಲ ಅಂದ್ರೆ ಹೆಂಗ್ರಿ? ಬಜೆಟ್ ಪುಸ್ತಕದಾಗ ಗುರುತು ಹಾಕೋರು ಅದೇ ಇಲಾಖೆಯೋರು. ನಾಳೆ ಡಾಂಬರು ರಸ್ತೆಗೂ ಹವಾಮಾನ ಅಂತ ಚೀಟಿ ಹಚ್ಚಿ ಮೊತ್ತ ದೊಡ್ಡದು ಮಾಡ್ತಾರ. ಆ ಚೀಟಿ ಖರೇನೋ ಸುಳ್ಳೋ ಅಂತ ತಿಳಿಯೋದು ಹಳ್ಳದ ಹತ್ರ ಹೋಗಿ ನಿಂತಾಗ ಮಾತ್ರ.

ನಕಾಶೆ, ಬೆಂಗಳೂರು

ಒಪ್ಪಿದೆ, ನನ್ನ ಕೊನೇ ಸಾಲು ಜಾಸ್ತಿ ಆಯ್ತು. ಎರಡೂ ಬೇಕು. ಆದರೆ ಮೇಲಿನ ಲೆಕ್ಕ ಇಲ್ಲದಿದ್ದರೆ ನೀವು ನೂರು ಕಟ್ಟೆ ಅಳೆದರೂ, ಚಳ್ಳಕೆರೆಗೆ ಬರಬೇಕಿದ್ದಷ್ಟು ಬಂತಾ ಅನ್ನೋ ಪ್ರಶ್ನೆಗೆ ಉತ್ತರ ಸಿಗಲ್ಲ. ಬಂದದ್ದು ಸರಿಯಾಗಿ ಖರ್ಚಾಯಿತಾ ಅನ್ನೋದು ಒಂದು. ಬರಬೇಕಾದ್ದು ಬಂತಾ ಅನ್ನೋದು ಇನ್ನೊಂದು. ಎರಡನೇದನ್ನ ಯಾರೂ ಕೇಳ್ತಿಲ್ಲ.

ಕೃಷ್ಣಾತೀರ, ಬೆಳಗಾವಿ ಜಿಲ್ಲಾ

ನಮ್ಮ ಕಡೆ ಬರ ಅಲ್ಲ, ನೆರಿ. 2019ರ ಆಗಸ್ಟ್‌ನ್ಯಾಗ ಮನಿ ಬಿದ್ದೋರಿಗೆ ಪೂರ್ತಿ ಬಿದ್ದಿದ್ರ 5 ಲಕ್ಷ ಅಂದ್ರು. ಎ, ಬಿ, ಸಿ ಅಂತ ವರ್ಗ ಮಾಡಿದ್ರು. ನಮ್ಮ ಓಣ್ಯಾಗ ಗ್ವಾಡಿ ಸೀಳಿದ್ದ ಮನಿ ಎ ವರ್ಗಕ್ಕ ಹೋತು, ನೆಲಸಮ ಆಗಿದ್ದ ಮನಿ ಸಿ ವರ್ಗಕ್ಕ ಬಿತ್ತು. ನಮ್ಮ ಅವ್ವ ಎರಡು ವರ್ಷ ಕಚೇರಿಗೆ ಅಡ್ಡಾಡಿದ್ಲು. ಮೊದಲನೇ ಕಂತಿನ್ಯಾಗ ತಳಪಾಯ ಹಾಕಿದ್ವಿ, ಮುಂದಿನ ಕಂತು ಬರೂತನಕ ಆ ತಳಪಾಯದ ಮ್ಯಾಲ ಹುಲ್ಲು ಬೆಳದಿತ್ತು.

ನಾ ಹೇಳೂದು ಇಷ್ಟ. ದುಡ್ಡು ಎಷ್ಟು ಬಂತು ಅನ್ನೂಕಿಂತ ಯಾರ ಹೆಸರು ಪಟ್ಟಿಯೊಳಗ ಅದ, ಯಾರದು ಇಲ್ಲ ಅನ್ನೂದು ಮೊದಲ ನೋಡ್ರಿ. ಪಟ್ಟಿಯನ್ನ ಗ್ರಾಮಸಭಾದಾಗ ಗಟ್ಟಿಯಾಗಿ ಓದಿಸ್ರಿ. ಓದಿದ ಕೂಡ್ಲೇ ಅರ್ಧ ಸುಳ್ಳು ಅಲ್ಲೇ ಬಿದ್ದು ಹೋಗ್ತಾವ, ಯಾಕಂದ್ರ ಯಾರ ಮನಿ ಬಿದ್ದದ ಅಂತ ಊರಿಗೆ ಗೊತ್ತದ.

ಮಲೆನಾಡಿಗ

ಅದು ಪರಿಹಾರ, ಹೊಂದಾಣಿಕೆ ಅಲ್ಲ. ಬಿದ್ದ ಮನೆಗೆ ಕೊಡೋದು ಬೇರೆ, ಮುಂದಿನ ಸಲ ಬೀಳದ ಹಾಗೆ ಮಾಡೋದು ಬೇರೆ.

ಕೃಷ್ಣಾತೀರ, ಬೆಳಗಾವಿ ಜಿಲ್ಲಾ

ಅದೇ ಜಾಗದಾಗ, ಅದೇ ಮಟ್ಟದಾಗ ಕಟ್ಟಿಸಿದ್ರ ಪರಿಹಾರ. ಎತ್ತರದಾಗ ಕಟ್ಟಿಸಿದ್ರ ಹೊಂದಾಣಿಕೆ. ನಮ್ಮೂರಾಗ ಅದೇ ಮಟ್ಟದಾಗ ಕಟ್ಟಿಸಿದ್ರು. 2021ಕ್ಕ ಮತ್ತ ನೀರು ಬಂತು. ಆ ವ್ಯತ್ಯಾಸ ಕೇಳೋರು ಯಾರೂ ಇದ್ದಿಲ್ಲ, ಅದಕ್ಕ ಹೇಳಾಕತ್ತೀನಿ.

ಖಾತೆಕಿರ್ದಿ

ಕೃಷ್ಣಾತೀರ ಅವರ ಮಾತು ಸರಿ, ಅದಕ್ಕೆ ನಿಯಮದ ಬೆಂಬಲವೂ ಇದೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ರಾಜ್ಯಗಳ ವಿಪತ್ತು ನಿರ್ವಹಣೆಗೆ 1,60,153 ಕೋಟಿ ಅಂತ ನಿಗದಿ ಮಾಡಿತು. ಅದರಲ್ಲಿ ಶೇ 80 ಸ್ಪಂದನ ನಿಧಿ, ಶೇ 20 ಉಪಶಮನ ನಿಧಿ. ಸ್ಪಂದನ ಅಂದ್ರೆ ಅನಾಹುತಕ್ಕೆ ಕೊಡೋ ನೆರವು, ಉಪಶಮನ ಅಂದ್ರೆ ಅನಾಹುತ ಆಗೋ ಮುಂಚೆ ತಡೆಯೋ ಕೆಲಸ. ಸ್ಪಂದನದ ಒಳಗೂ ಪುನರ್ನಿರ್ಮಾಣಕ್ಕೆ ಪಾಲಿದೆ, ಪೂರ್ವಸಿದ್ಧತೆಗೆ ಪಾಲಿದೆ. ಸಂಘಟನೆಗಳು ಕೇಳಬೇಕಾದ್ದು ಈ ಶೇ 20ರ ಬಗ್ಗೆ: ನಮ್ಮ ಜಿಲ್ಲೆಯಿಂದ ಉಪಶಮನಕ್ಕೆ ಯಾವ ಪ್ರಸ್ತಾವ ಹೋಯಿತು, ಯಾವುದು ಮಂಜೂರಾಯಿತು? ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಅಲ್ಲಿ ಕೇಳಬಹುದು.

ಇನ್ನೊಂದು ಮಾತು. 2023ರ ಬರಕ್ಕೆ ರಾಜ್ಯ ಕೇಂದ್ರವನ್ನ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್‌ಗೆ ಹೋದ ಮೇಲೆ, ಏಪ್ರಿಲ್ 2024ರಲ್ಲಿ ಬಂದದ್ದು ಸುಮಾರು 3,454 ಕೋಟಿ. ಅದು ನ್ಯಾಯವಾದ ಜಗಳವೇ. ಆದರೆ ಬೆಂಗಳೂರಿಂದ ಹೋಬಳಿಗೆ ಎಷ್ಟು, ಹೋಬಳಿಯಿಂದ ಹೊಲಕ್ಕೆ ಎಷ್ಟು ಅಂತ ಅಷ್ಟೇ ಗಟ್ಟಿಯಾಗಿ ಯಾರೂ ಕೇಳಲಿಲ್ಲ.

ಎರೆಮಣ್ಣು

ಆ ಬರ ಪರಿಹಾರದಲ್ಲಿ ನಮಗೆ ಮೊದಲ ಕಂತು 2,000 ಬಂತು. ಅಣ್ಣನಿಗೆ ಬರಲಿಲ್ಲ. ಫ್ರೂಟ್ಸ್ ಐಡಿಯಲ್ಲಿ, ಅಂದ್ರೆ ಸರ್ಕಾರದ ರೈತ ನೋಂದಣಿಯಲ್ಲಿ, ಒಂದು ಸರ್ವೆ ನಂಬರ್ ಸೇರಿಸಿರಲಿಲ್ಲವಂತೆ.

ಟೇಪುಹಿಡಿದವಳು, ತುಮಕೂರು ಜಿಲ್ಲೆ

ನಾನು ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಯಲ್ಲಿ, ಅಂದ್ರೆ ಕಾಮಗಾರಿಯ ಲೆಕ್ಕವನ್ನ ಊರವರ ಮುಂದೆ ತಾಳೆ ನೋಡೋ ಕೆಲಸದಲ್ಲಿ, ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡಿದವಳು. ಇಲ್ಲಿ ಎಲ್ಲರೂ ನಿಧಿ, ಆಯೋಗ ಅಂತ ಮಾತಾಡ್ತಿದ್ದೀರಿ. @ಶೇಂಗಾಹೊಲ, ನಿಮ್ಮ ಆರು ಜನಕ್ಕೆ ಬೇಕಾದ್ದು ಬೇರೆ. ಒಂದು 30 ಮೀಟರ್ ಟೇಪು, ಒಂದು ನೋಟ್‌ಬುಕ್ಕು, ಕಡತದ ನಕಲು.

ಪ್ರತಿ ಕಾಮಗಾರಿಗೂ ಒಂದು ಕಡತ ಇರಲೇಬೇಕು. ಕ್ರಿಯಾ ಯೋಜನೆಯಲ್ಲಿ ಅದರ ಹೆಸರು, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಎಸ್ಟಿಮೇಟು, ಎಂ.ಬಿ. ಅಂದ್ರೆ ಅಳತೆ ಪುಸ್ತಕ, ಬಿಲ್ಲು, ಕೆಲಸಕ್ಕೆ ಮುಂಚೆ, ಕೆಲಸ ನಡೆಯುವಾಗ, ಮುಗಿದ ಮೇಲೆ ತೆಗೆದ ಫೋಟೊ. ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಎಂ.ಬಿ. ಎಸ್ಟಿಮೇಟು ಮಾಡಬೇಕು ಅಂದುಕೊಂಡಿದ್ದು, ಎಂ.ಬಿ. ಮಾಡಿದ್ದೇವೆ ಅಂತ ಎಂಜಿನಿಯರು ಸಹಿ ಹಾಕಿದ್ದು. ದುಡ್ಡು ಹೋಗೋದು ಎಂ.ಬಿ. ಮೇಲೆ. ಅದನ್ನ ಹಿಡಿದುಕೊಂಡು ಜಾಗಕ್ಕೆ ಹೋಗಿ ಅಳೆಯಿರಿ.

ಒಂದು ಊರಲ್ಲಿ ಬದು ನೋಡೋಕೆ ಹೋಗಿದ್ವಿ. ಎಂ.ಬಿ.ಯಲ್ಲಿ ಉದ್ದ ಬರೆದಿದ್ದಷ್ಟು ನೆಲದ ಮೇಲೆ ಇರಲಿಲ್ಲ. ಜೊತೆಗಿದ್ದ ಹುಡುಗ "ಕಳ್ಳರು" ಅಂತ ಕೂಗಾಡಿದ. ಆಮೇಲೆ ಆ ಹೊಲದ ಅಜ್ಜಿ ಬಂದು, ಬದು ಹಾಕಿದ್ದರು, ಆದರೆ ಟ್ರ್ಯಾಕ್ಟರ್ ತಿರುಗಿಸೋಕೆ ಆಗಲ್ಲ ಅಂತ ತನ್ನ ಮಗನೇ ಒಡೆದ ಅಂದಳು. ಅವತ್ತಿಂದ ನಾನು ಕಲಿತದ್ದು, ಅಳತೆ ಕಮ್ಮಿ ಬಂದ ಕೂಡಲೇ ತೀರ್ಪು ಕೊಡಬಾರದು. ಆ ಹೊಲದವರನ್ನ, ಕೂಲಿ ಮಾಡಿದವರನ್ನ ಕೇಳಬೇಕು. ಕೂಲಿಯವರಿಗೆ ಎಷ್ಟು ದಿನ ಕೆಲಸ ನಡೀತು, ಜೆಸಿಬಿ ಬಂತಾ ಇಲ್ವಾ, ಎಲ್ಲಾ ನೆನಪಿರುತ್ತೆ. ಕಡತಕ್ಕಿಂತ ಚೆನ್ನಾಗಿ ನೆನಪಿರುತ್ತೆ.

ಮತ್ತೆ ಹೆಂಗಸರನ್ನ ಕರ್ಕೊಂಡು ಹೋಗಿ. ಆರೂ ಜನ ಹುಡುಗರೇ ಹೋದ್ರೆ ಜಗಳ ಆಗುತ್ತೆ. ಸ್ತ್ರೀಶಕ್ತಿ ಸಂಘದವರು ಇದ್ದರೆ ಮಾತಿನ ವರಸೆಯೇ ಬದಲಾಗುತ್ತೆ.

ಗುದ್ದಲಿಸನಿಕೆ, ಕೂಡ್ಲಿಗಿ

ಈ ಅಕ್ಕನ ಮಾತು ಪ್ರಿಂಟ್ ತೆಗೆದು ಪಂಚಾಯ್ತಿ ಗ್ವಾಡಿಗೆ ಅಂಟಿಸಬೇಕು.

ಹತ್ತುರೂಪಾಯಿ

ಕಡತದ ನಕಲು ಕೇಳಿದ ಕೂಡಲೇ ಕೊಡ್ತಾರಾ? ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ನಿಯಮ ನೆನಪಿರಲಿ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಎಷ್ಟೋ ಜನ ನಾಲ್ಕು ಪುಟ ಬರೆದು ಇದೇ ಕಾರಣಕ್ಕೆ ವಾಪಸ್ ಮಾಡಿಸಿಕೊಳ್ತಾರೆ. ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನ ಕಾಯಿರಿ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಹೀಗೆ ಬರೆಯಿರಿ: "ಇಂಥ ಗ್ರಾಮದ ಸರ್ವೆ ನಂಬರ್ ಇಷ್ಟರ ಬಳಿ ಹಳ್ಳಕ್ಕೆ ನಿರ್ಮಿಸಿರುವ ಚೆಕ್‌ಡ್ಯಾಂಗೆ ಸಂಬಂಧಿಸಿದ ಆಡಳಿತಾತ್ಮಕ ಮತ್ತು ತಾಂತ್ರಿಕ ಮಂಜೂರಾತಿ ಆದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿ ವೋಚರ್ ಮತ್ತು ಲೆಕ್ಕ ಶೀರ್ಷಿಕೆ, ಕಾಮಗಾರಿಯ ಛಾಯಾಚಿತ್ರಗಳು, ಇವುಗಳ ದೃಢೀಕೃತ ನಕಲು ನೀಡಿ." ಇಷ್ಟೇ. ಯಾಕೆ, ಹೇಗೆ, ಯಾರು ತಪ್ಪಿತಸ್ಥರು ಅಂತ ಕೇಳಬೇಡಿ. ಅದು ಮಾಹಿತಿ ಅಲ್ಲ, ಅಭಿಪ್ರಾಯ ಅಂತ ತಳ್ಳಿಹಾಕ್ತಾರೆ. ದಾಖಲೆ ಕೇಳಿ.

ಇನ್ನೊಂದು ಅಸ್ತ್ರ ಯಾರೂ ಬಳಸಲ್ಲ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸೋ ಹಕ್ಕು ಇದೆ, ಸಿಮೆಂಟು ಕಾಂಕ್ರೀಟಿನ ಮಾದರಿ ತಗೊಳ್ಳೋ ಹಕ್ಕೂ ಇದೆ. ಬೇರೆ ಅರ್ಜಿಯಲ್ಲಿ ಅದನ್ನ ಕೇಳಿ.

ಪಂಚಾಯ್ತಿಕಟ್ಟೆ

ಒಂದು ಬಾರಿ ಪಂಚಾಯ್ತಿ ಸದಸ್ಯನಾಗಿದ್ದವನು ನಾನು. ಎಲ್ಲದಕ್ಕೂ ಮಾಹಿತಿ ಹಕ್ಕು ಅಂತ ಹೋಗೋದನ್ನ ನಾನು ಒಪ್ಪಲ್ಲ. ಅರ್ಜಿ ಹಾಕಿದ ದಿನವೇ ಎದುರಾಳಿ ಆಗ್ತೀರಿ, ಅರ್ಜಿದಾರನ ಹೆಸರು ಸಂಜೆಯೊಳಗೆ ಗುತ್ತಿಗೆದಾರನಿಗೆ ಗೊತ್ತಾಗುತ್ತೆ. ಜಮಾಬಂದಿ ಅಂತ ಒಂದು ವ್ಯವಸ್ಥೆ ಇದೆ, ನಮ್ಮ ರಾಜ್ಯದ್ದೇ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯ್ತಿಯ ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲವನ್ನೂ ಜನರ ಮುಂದೆ ಇಡಬೇಕು. ಸ್ಥಳಕ್ಕೂ ಹೋಗಿ ನೋಡಬೇಕು. ಎಷ್ಟೋ ಕಡೆ ಎಂಟು ಜನ ಕೂತು ಸಹಿ ಹಾಕಿ ಮುಗಿಸ್ತಾರೆ, ಯಾಕಂದ್ರೆ ಊರವರು ಹೋಗೋದೇ ಇಲ್ಲ. ನೀವು ಐವತ್ತು ಜನ ಹೋಗಿ ಕೂತರೆ ಅರ್ಜಿಯೇ ಬೇಡ.

ಹತ್ತುರೂಪಾಯಿ

ಜಮಾಬಂದಿಯಲ್ಲಿ ಬರೋದು ಪಂಚಾಯ್ತಿ ಮಾಡಿದ ಕಾಮಗಾರಿ. ಜಲಾನಯನ ಇಲಾಖೆಯೋ ಸಣ್ಣ ನೀರಾವರಿಯೋ ಕಟ್ಟಿದ್ದರೆ ಪಿಡಿಒ ಹತ್ತಿರ ಕಡತವೇ ಇರಲ್ಲ. ಅಲ್ಲಿ ಏನು ಮಾಡ್ತೀರಿ?

ಪಂಚಾಯ್ತಿಕಟ್ಟೆ

ಅದು ನಿಜ. ಹಾಗಾದರೆ ಮೊದಲು ಯಾವುದು ಯಾರದು ಅಂತ ತಿಳ್ಕೊಳ್ಳಲಿ. ಪಂಚಾಯ್ತಿದಾದರೆ ಜಮಾಬಂದಿ, ಇಲಾಖೆದಾದರೆ ನಿಮ್ಮ ಅರ್ಜಿ. ಆದರೆ ಅರ್ಜಿ ಒಬ್ಬನೇ ಹಾಕಬೇಡಿ, ಸುರಕ್ಷತೆಯ ಮಾತು ಇದು. ಒಂದೇ ವಿಷಯಕ್ಕೆ ಹತ್ತು ಜನ ಹತ್ತು ಅರ್ಜಿ ಹಾಕಿ. ಹತ್ತು ಮನೆಗೆ ಹೋಗಿ ಹೆದರಿಸೋದು ಕಷ್ಟ.

ಮಳೆಮಾಪಕ

ಸ್ವಲ್ಪ ವಿಷಯಾಂತರ, ಕ್ಷಮಿಸಿ. ಬೆಳೆ ವಿಮೆಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕಲ್ವಾ? ರೈತನ ಪಾಲಿಗೆ ಬರಕ್ಕೆ ಹೊಂದಿಕೊಳ್ಳೋದು ಅಂದ್ರೆ ಅದೇ. ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಘಟಕ. ಪಂಚಾಯ್ತಿಯಲ್ಲಿ ಕೆಲವೇ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡ್ತಾರೆ, ಅಂದ್ರೆ ಬೆಳೆ ಕೊಯ್ದು ತೂಕ ನೋಡ್ತಾರೆ, ಅದರ ಸರಾಸರಿ ಮೇಲೆ ಇಡೀ ಪಂಚಾಯ್ತಿಗೆ ವಿಮೆ ಹಣ ಬರುತ್ತೆ ಇಲ್ಲಾ ಬರಲ್ಲ. ನಮ್ಮಲ್ಲಿ ಕೆರೆ ಹಿಂದಿನ ಹೊಲದಲ್ಲಿ ಪ್ರಯೋಗ ಮಾಡಿದ ವರ್ಷ ಯಾರಿಗೂ ಬರಲಿಲ್ಲ.

ಟೇಪುಹಿಡಿದವಳು, ತುಮಕೂರು ಜಿಲ್ಲೆ

ಸೇರಿಸಲೇಬೇಕು. ಕಟಾವು ಪ್ರಯೋಗ ಯಾವ ಸರ್ವೆ ನಂಬರಲ್ಲಿ, ಯಾವ ದಿನ ಅಂತ ಮೊದಲೇ ಕೇಳಿ ತಿಳ್ಕೊಂಡು ಊರವರು ಹೋಗಿ ನಿಲ್ಲಬೇಕು. ತೂಕ ಹಾಕುವಾಗ ನೋಡಿ ಬರ್ಕೊಳ್ಳಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರೆಮಣ್ಣು

ನಮ್ಮ ಪಂಚಾಯ್ತಿ ಆಫೀಸಿನ ಮೇಲೆ ಮಳೆ ಮಾಪಕ ಇದೆ. ಆಫೀಸಿನ ಮೇಲೆ ಬಿದ್ದ ಮಳೆ ನಮ್ಮ ಹೊಲದಲ್ಲಿ ಬೀಳಲ್ಲ. ನಾಲ್ಕು ಕಿಲೋಮೀಟರ್ ದೂರ.

ಅಲೆಬಡಿತ, ಉಳ್ಳಾಲ ಕಡೆ

ನಮ್ಮಲ್ಲಿ ಕಡಲ್ಕೊರೆತ. ಪ್ರತಿ ಮಳೆಗಾಲದಲ್ಲೂ ಲಾರಿಯಲ್ಲಿ ಕಲ್ಲು ತಂದು ಹಾಕ್ತಾರೆ. ಮಳೆಗಾಲ ಮುಗಿಯುವಾಗ ಕಲ್ಲು ಸಮುದ್ರದ ಒಳಗೆ ಹೋಗಿರ್ತದೆ. ಎಷ್ಟು ಲೋಡು ಹಾಕಿದ್ದು, ಎಷ್ಟು ಮುಳುಗಿದ್ದು ಅಂತ ಯಾರು ನೋಡುವುದು? ನೀವು ಬಯಲುಸೀಮೆಯವರು ಟೇಪು ಹಿಡಿದು ಅಳೆಯಬಹುದು. ನಾವು ಸಮುದ್ರದ ಅಡಿಗೆ ಇಳಿಯಲಿಕ್ಕೆ ಆಗ್ತದಾ?

ನಾವು ಮಾಡಿದ್ದು ಒಂದೇ ಕೆಲಸ. ನಮ್ಮ ಮೀನುಗಾರ ಮಹಿಳೆಯರ ಗುಂಪಿನವರು ಎರಡು ಮಳೆಗಾಲ ಮನೆಯ ಎದುರು ಕೂತು ಲಾರಿ ಎಣಿಸಿ ಬರೆದಿಟ್ಟದ್ದು. ತಾರೀಕು, ಸಮಯ, ಲಾರಿ ನಂಬರು. ಆ ನೋಟ್‌ಬುಕ್ಕು ಕಚೇರಿಗೆ ತೆಗೆದುಕೊಂಡು ಹೋದ ದಿನ ಮೊದಲ ಸಲ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿದ್ದು.

ಇನ್ನೊಂದು, ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ತಡೆದಂಡೆ, ಸಮುದ್ರದೊಳಗೆ ರೀಫ್, ಅಂದ್ರೆ ಅಲೆ ತಡೆಯುವ ದಿಬ್ಬ, ಎಲ್ಲ ಆದದ್ದು. ಬ್ಯಾಂಕಿನ ದುಡ್ಡು ಇದ್ದ ಕಡೆ ಒಂದು ಅನುಕೂಲ ಉಂಟು. ಯೋಜನೆಯ ಕಾಗದಪತ್ರ ಅವರ ವೆಬ್‌ಸೈಟಿನಲ್ಲಿ ಸಿಗ್ತದೆ, ತೊಂದರೆ ಆದ ಊರಿನವರು ನೇರವಾಗಿ ಬ್ಯಾಂಕಿಗೇ ದೂರು ಕೊಡಲಿಕ್ಕೆ ಪ್ರತ್ಯೇಕ ವ್ಯವಸ್ಥೆ ಉಂಟು. ವಿಶ್ವಬ್ಯಾಂಕಿನಲ್ಲಿಯೂ ಹಾಗೇ. ಆದರೆ ಎಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಓದಿದವರು ತುಂಬ ಜನ ಇದ್ದೀರಿ, ಒಂದೊಂದು ಯೋಜನೆಯ ಸಾರ ಕನ್ನಡದಲ್ಲಿ ಎರಡು ಪುಟ ಬರೆದು ಕೊಟ್ಟರೆ ದೊಡ್ಡ ಉಪಕಾರ ಆಗ್ತದೆ.

ನಕಾಶೆ, ಬೆಂಗಳೂರು

ಇದನ್ನ ನಾನು ಮಾಡ್ತೀನಿ. ವಿಶ್ವಬ್ಯಾಂಕ್ ನೆರವಿನ ರಿವಾರ್ಡ್ ಜಲಾನಯನ ಯೋಜನೆ ಕರ್ನಾಟಕ ಮತ್ತು ಒಡಿಶಾದಲ್ಲಿ ನಡೀತಿದೆ, ಕರ್ನಾಟಕದ ಪಾಲಿನ ಸಾಲ 6 ಕೋಟಿ ಡಾಲರ್. ಫಲಿತಾಂಶ ತೋರಿಸಿದ ಮೇಲೆ ಹಣ ಬಿಡುಗಡೆ ಅನ್ನೋ ಮಾದರಿ ಅದು. ಆ ಫಲಿತಾಂಶದ ಪಟ್ಟಿಯನ್ನ ಕನ್ನಡಕ್ಕೆ ತರ್ತೀನಿ. ಹಳ್ಳಿಯವರು ಅದನ್ನ ಹಿಡಿದುಕೊಂಡೇ ಪ್ರಶ್ನೆ ಕೇಳಬಹುದು.

ದೂರದೂರು

ಢಾಕಾದಲ್ಲಿ ಎರಡು ವರ್ಷ ಕೆಲಸದ ಮೇಲೆ ಇದ್ದೆ. ಬಾಂಗ್ಲಾದೇಶ ಹೊರಗಿನವರ ದುಡ್ಡಿಗೆ ಕಾದು ಕೂರದೆ ತನ್ನದೇ ಬಜೆಟ್‌ನಿಂದ ಹವಾಮಾನ ಟ್ರಸ್ಟ್ ನಿಧಿ ಮಾಡಿಕೊಂಡಿತು, ಅದಕ್ಕೆ 2010ರಲ್ಲಿ ಕಾಯ್ದೆಯನ್ನೂ ತಂದಿತು. ಭ್ರಷ್ಟಾಚಾರದ ಮೇಲೆ ಕಣ್ಣಿಡೋ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಅಲ್ಲಿನ ಶಾಖೆ ಆ ನಿಧಿಯ ಕಾಮಗಾರಿಗಳನ್ನ ಊರೂರಿಗೆ ಹೋಗಿ ನೋಡಿ ವರದಿ ಮಾಡುತ್ತೆ. ಅವರ ಬಲ ಅಂದ್ರೆ ಜಿಲ್ಲೆಗಳಲ್ಲಿರೋ ನಾಗರಿಕರ ಸಮಿತಿಗಳು. ರಾಜಧಾನಿಯಲ್ಲಿ ಕೂತವರು ಕಾಗದ ತೆಗೆಸ್ತಾರೆ, ಜಿಲ್ಲೆಯವರು ಏರಿಯನ್ನ ಅಳೆಯುತ್ತಾರೆ. ಇಲ್ಲಿ ನಕಾಶೆಯವರೂ ಟೇಪಿನವರೂ ಜಗಳ ಆಡೋ ಬದಲು ಹಾಗೆ ಜೋಡಿ ಆಗಬಹುದು. ಆಕ್ಸ್‌ಫ್ಯಾಮ್ ಅನ್ನೋ ಸ್ವಯಂಸೇವಾ ಸಂಸ್ಥೆ ಮತ್ತಿತರರು ಸೇರಿ ನೇಪಾಳ, ಫಿಲಿಪೈನ್ಸ್, ಉಗಾಂಡ, ಜಾಂಬಿಯಾ ನಾಲ್ಕೂ ಕಡೆ ಸ್ಥಳೀಯ ಸಂಘಟನೆಗಳ ಜೊತೆ ಹೊಂದಾಣಿಕೆ ಹಣವನ್ನ ಹಿಂಬಾಲಿಸಿದ್ದೂ ಇದೇ ರೀತಿ.

ಬೇವಿನಕಟ್ಟೆ

ಎಲ್ಲಾ ಸರಿ. ಒಂದು ಕಹಿ ಮಾತು ಹೇಳ್ತೀನಿ, ಬೈಬೇಡಿ. ಜಲಾನಯನದ ಕೆಲಸದಲ್ಲಿ ಎಷ್ಟೋ ಕಡೆ ಸ್ವಯಂಸೇವಾ ಸಂಸ್ಥೆಗಳೇ ಪಾಲುದಾರರು. ಮೊದಲ ಸುಜಲ ಜಲಾನಯನ ಯೋಜನೆಯಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಐದೂ ಜಿಲ್ಲೆಗಳಲ್ಲಿ ಸಂಸ್ಥೆಗಳು ಊರೂರಲ್ಲಿ ಕೆಲಸ ಮಾಡಿದವು. ಒಳ್ಳೇ ಕೆಲಸವೂ ಆಯಿತು, ನಾನೇ ಕಂಡಿದ್ದೀನಿ. ಆದರೆ ಇವತ್ತು ಇಲಾಖೆಯಿಂದ ದುಡ್ಡು ತಗೊಂಡು ನಾಳೆ ಅದೇ ಇಲಾಖೆಯ ಮೇಲೆ ಕಣ್ಣಿಡ್ತೀವಿ ಅಂದ್ರೆ ಊರು ನಂಬುತ್ತಾ?

ದೂರದೂರು

ಅದಕ್ಕೇ ಕೆಲಸ ಮಾಡೋರು ಬೇರೆ, ನೋಡೋರು ಬೇರೆ ಇರಬೇಕು.

ಬೇವಿನಕಟ್ಟೆ

ಬಾಯಲ್ಲಿ ಹೇಳೋದು ಸುಲಭ. ಒಂದು ತಾಲೂಕಲ್ಲಿ ಇರೋದೇ ಎರಡು ಮೂರು ಸಂಸ್ಥೆ.

ಟೇಪುಹಿಡಿದವಳು, ತುಮಕೂರು ಜಿಲ್ಲೆ

ಸುಜಲದಲ್ಲೇ ಅದಕ್ಕೆ ಒಂದು ದಾರಿ ಮಾಡಿದ್ದರು. ಇಲಾಖೆಗೂ ಸಂಸ್ಥೆಗೂ ಸೇರದ ಹೊರಗಿನವರು, ಇಸ್ರೋದ ಆಂಟ್ರಿಕ್ಸ್ ಕಂಪನಿ, ಕೆಲಸ ನಡೆಯುವಾಗಲೇ ಉಪಗ್ರಹ ಚಿತ್ರ ಇಟ್ಟುಕೊಂಡು ನೋಡ್ತಿದ್ದರು. ನಮ್ಮ ಮಟ್ಟಕ್ಕೆ ಅದು ಹೀಗೆ ಆಗಬಹುದು: ಪಕ್ಕದ ತಾಲೂಕಿನ ಸಂಘ ನಿಮ್ಮೂರು ನೋಡಲಿ, ನೀವು ಅವರ ಊರು ನೋಡಿ. ಸಾಮಾಜಿಕ ಪರಿಶೋಧನೆಯಲ್ಲಿ ನಮ್ಮನ್ನ ನಮ್ಮದೇ ಪಂಚಾಯ್ತಿಗೆ ಹಾಕ್ತಿರಲಿಲ್ಲ. ಹಾಗೇ ನಿಮ್ಮ ಸಂಘಕ್ಕೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಮೊದಲ ಹಾಳೆಯಲ್ಲೇ ಬರೆದು ಗ್ರಾಮಸಭೆಯಲ್ಲಿ ಓದಿ. ಬೇರೆಯವರ ಲೆಕ್ಕ ಕೇಳೋಕೆ ಮುಂಚೆ ನಮ್ಮದು ತೋರಿಸಿರಬೇಕು.

ನೀರಗಂಟಿಮೊಮ್ಮಗ, ಕೋಲಾರ

ಇಷ್ಟು ಹೊತ್ತು ದುಡ್ಡು, ಅಳತೆ, ಪಟ್ಟಿ ಅಂತ ಆಯ್ತು. ನೀರಿನ ಬಗ್ಗೆ ಯಾರೂ ಕೇಳಲಿಲ್ಲ. ಕಟ್ಟೆ ಎಸ್ಟಿಮೇಟ್ ಪ್ರಕಾರವೇ ಇದ್ದು, ಎಂ.ಬಿ. ಸರಿಯಿದ್ದು, ಬಿಲ್ಲು ಸರಿಯಿದ್ದು, ಹಳ್ಳದಲ್ಲಿ ನೀರು ಬರದ ಜಾಗದಲ್ಲಿ ಕಟ್ಟಿದ್ದರೆ? ನಮ್ಮ ತಾತ ನೀರಗಂಟಿ. ಕೆರೆ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಅಂತ ಹಂಚೋದು ಅವರ ಕೆಲಸ. ಮೇಲಿನ ಕಟ್ಟೆ ಕೆಳಗಿನ ಕೆರೆಯನ್ನ ಒಣಗಿಸುತ್ತೆ ಅಂತ ಅವರು ಹೇಳ್ತಿದ್ದರು. ಅದೇ ಆಗಿದೆ ನಮ್ಮಲ್ಲಿ. ಹಳ್ಳದ ಮೇಲೆ ಸಾಲಾಗಿ ಚೆಕ್‌ಡ್ಯಾಂ ಕಟ್ಟಿ ಕೆಳಗಿನ ಕೆರೆಗೆ ನೀರು ಬರೋದು ಕಮ್ಮಿ ಆಯ್ತು. ಆ ಕೆರೆಯ ಹೂಳು ತೆಗೆಯೋಕೆ ಮತ್ತೆ ಇನ್ನೊಂದು ಯೋಜನೆ. ಕಾಗದದಲ್ಲಿ ಎರಡೂ ಸರಿಯೇ ಇದೆ.

ಹಾಗಾಗಿ ನನ್ನ ಸಲಹೆ, ಟೇಪಿನ ಜೊತೆ ಒಂದು ಹಗ್ಗಕ್ಕೆ ಕಲ್ಲು ಕಟ್ಟಿಕೊಂಡು ಹೋಗಿ. ಕಟ್ಟೆ ಕೆಳಗಿನ ನಾಲ್ಕು ಬಾವಿ, ಮೇಲಿನ ನಾಲ್ಕು ಬಾವಿ ಆರಿಸಿ. ಪ್ರತಿ ಅಮಾವಾಸ್ಯೆ ದಿನ ನೀರಿನ ಮಟ್ಟ ಅಳೆದು ಬರೆಯಿರಿ. ಎಲ್ಲಾ ಕೊಳವೆಬಾವಿ ಆಗಿದ್ದರೆ ಏಪ್ರಿಲ್‌ನಲ್ಲಿ ಎಷ್ಟು ಗಂಟೆ ನೀರು ಹೊಡೀತು ಅಂತ ಕೇಳಿ ಬರ್ಕೊಳ್ಳಿ. ಎರಡು ವರ್ಷ ಆದ ಮೇಲೆ ನಿಮ್ಮ ಕೈಲಿರೋ ಲೆಕ್ಕ ಇಲಾಖೆಯ ಹತ್ತಿರವೂ ಇರಲ್ಲ.

ಕೃಷಿ ಹೊಂಡಕ್ಕೂ ಅಷ್ಟೇ. 2014ರಲ್ಲಿ ಕೃಷಿ ಭಾಗ್ಯ ಬಂದಾಗ ತೋಡಿದ ಹೊಂಡಗಳಲ್ಲಿ ಪ್ಲಾಸ್ಟಿಕ್ ಹಾಳೆ ಹರಿದು ಈಗ ಮುಳ್ಳು ಬೆಳೆದಿರೋದು ಎಷ್ಟು, ಇವತ್ತಿಗೂ ಒಂದು ನೀರು ಕೊಟ್ಟು ರಾಗಿ ಉಳಿಸ್ತಿರೋದು ಎಷ್ಟು, ಎಣಿಸಿ. ಉಳಿದ ಹೊಂಡದ ಯಜಮಾನನನ್ನ ಯಾಕೆ ಉಳೀತು ಅಂತ ಕೇಳಿ. ನನಗೆ ಆ ಉತ್ತರದ ಮೇಲೆ ಆಸೆ ಜಾಸ್ತಿ.

ಮಲೆನಾಡಿಗ

ಇದಪ್ಪಾ ಮಾತು. ನನ್ನ ಮೊದಲ ಪ್ರಶ್ನೆಗೂ ಇದೇ ಉತ್ತರ ಅನ್ಸುತ್ತೆ. ಕೆಟ್ಟ ವರ್ಷದಲ್ಲಿ ಕೆಲಸಕ್ಕೆ ಬಂದರೆ ಹೊಂದಾಣಿಕೆ.

ಖಾತೆಕಿರ್ದಿ

ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತು ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರ ತೆಗೆದರೆ ಕಟ್ಟೆ ಯಾವ ವರ್ಷ ಬಂತು ಅನ್ನೋದು ಕಾಣುತ್ತೆ. ಎರಡು ಬೋರ್ಡಿನ ಗಂಟು ಬಿಡಿಸೋಕೆ ಅದು ಬೇಕಾಗುತ್ತೆ.

ಶೇಂಗಾಹೊಲ, ಚಳ್ಳಕೆರೆ

ಎಲ್ಲರಿಗೂ ಕೈಮುಗಿತೀನಿ. ಎರಡು ತಿಂಗಳು ಬರೆಯೋಕೆ ಆಗಲಿಲ್ಲ, ಆದ ಕೆಲಸ ಹೇಳ್ತೀನಿ.

ಒಂಬತ್ತು ಜನ ಅರ್ಜಿ ಹಾಕಿದ್ವಿ, ಅದರಲ್ಲಿ ನಾಲ್ಕು ಜನ ಸ್ತ್ರೀಶಕ್ತಿ ಸಂಘದವರು. ಹಳದಿ ಬೋರ್ಡಿನ ಕಡತ 34ನೇ ದಿನಕ್ಕೆ ಬಂತು. ಅದು ಕಟ್ಟೆ ಕಟ್ಟಿದ್ದು. ಅಳತೆ ಹೆಚ್ಚು ಕಮ್ಮಿ ಸರಿ ಇದೆ, ಟೇಪು ಹಿಡಿದು ನೋಡಿದ್ವಿ. ಗೂಗಲ್ ಚಿತ್ರದಲ್ಲೂ ಅದೇ ವರ್ಷ ಕಾಣುತ್ತೆ. ಸುಮ್ಮನೆ ಅನುಮಾನ ಪಟ್ಟಿದ್ದಕ್ಕೆ ಬೇಜಾರಾಯ್ತು, ಅದನ್ನೂ ಗ್ರಾಮಸಭೆಯಲ್ಲಿ ಹೇಳಿದ್ವಿ.

ನೀಲಿ ಬೋರ್ಡು ಬೇರೆ ಕಚೇರಿದು. ಹೂಳೆತ್ತಿದ್ದು ಮತ್ತು ದುರಸ್ತಿ ಅಂತ ಇದೆ. ಎಂ.ಬಿ.ಯಲ್ಲಿ ತೆಗೆದ ಹೂಳಿನ ಅಳತೆ ಬರೆದಿದ್ದಾರೆ. ಹಳ್ಳದ ಪಕ್ಕದ ಮೂರು ಹೊಲದವರನ್ನ ಬೇರೆ ಬೇರೆಯಾಗಿ ಕೇಳಿದ್ವಿ. ಇಬ್ಬರು ಯಾವ ಯಂತ್ರವೂ ಬರಲಿಲ್ಲ ಅಂದ್ರು, ಒಬ್ಬರು ಒಂದು ದಿನ ಜೆಸಿಬಿ ಬಂದಿತ್ತು ಅಂದ್ರು. ಹೂಳು ಎಲ್ಲಿ ಹಾಕಿದ್ರು ಅನ್ನೋದಕ್ಕೆ ಕಡತದಲ್ಲಿ ಏನೂ ಇಲ್ಲ. ಫೋಟೊ ಇದೆ, ಅದರಲ್ಲಿರೋ ಬೇವಿನ ಮರ ನಮ್ಮ ಹಳ್ಳದಲ್ಲಿ ಇಲ್ಲ. ಮೊದಲ ಮೇಲ್ಮನವಿ ಹಾಕಿದೀವಿ, ಸ್ಥಳ ಪರಿಶೀಲನೆಗೆ 2(ಜೆ) ಅರ್ಜಿಯೂ ಹೋಗಿದೆ.

ಬಾವಿ ಎಂಟು ಸಿಗಲಿಲ್ಲ, ತೆರೆದ ಬಾವಿ ಉಳಿದಿರೋದೇ ಮೂರು. ಉಳಿದದ್ದಕ್ಕೆ ಕೊಳವೆಬಾವಿ ಗಂಟೆ ಬರೀತಿದೀವಿ. ಎರಡು ಅಮಾವಾಸ್ಯೆ ಆಯ್ತು.

ಟೇಪುಹಿಡಿದವಳು, ತುಮಕೂರು ಜಿಲ್ಲೆ

ಫೋಟೊದ ನಕಲು ದೃಢೀಕೃತ ತಾನೇ? ಸಹಿ, ಮುದ್ರೆ ನೋಡ್ಕೊಳ್ಳಿ. ಪರಿಶೀಲನೆ ದಿನ ಗೊತ್ತಾದ್ರೆ ಇಲ್ಲಿ ಹಾಕಿ, ನಾವು ನಾಲ್ಕು ಜನ ಬಸ್ಸಿಗೆ ಬರ್ತೀವಿ.

ಗುದ್ದಲಿಸನಿಕೆ, ಕೂಡ್ಲಿಗಿ

ನಾವೂ ಬರ್ತೀವಿ. ಆಮ್ಯಾಲ ನೀವು ನಮ್ಮೂರಿಗೆ ಬರ್ರಿ, ನಮ್ಮ 11 ಹೊಂಡ ಎಣಿಸೋದು ಬಾಕಿ ಅದ.